ಹೊಳೆಯ ದಡದ ಒಂದು ಮನೆ

ಮನುಷ್ಯನಿಗೆ ಜನ್ಮಾಂತರವುಂಟೋ ಇಲ್ಲವೋ ಎಂಬ ವಿಚಾರದಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಕಟ್ಟಡಗಳಿಗೆ ಅದು ಉಂಟೆಂಬುದರಲ್ಲಿ ನನಗೆ ಸಂದೇಹವಿಲ್ಲ. ಊರ ಚಾವಡಿ ಶಾಲೆಯಾದುದನ್ನೂ, ಶಾಲೆ ಅಂಚೆಯ ಮನೆಯಾದುದನ್ನೂ, ಅಂಚೆಯ ಮನೆ ಕೊನೆಗೆ ಅಡಕೆಯ ಉಗ್ರಾಣವಾದುದನ್ನೂ ನಾವೆಲ್ಲರೂ ನೋಡಿದ್ದೇವೆ. ಇವು ಸಣ್ಣ ಪುಟ್ಟ ಜನ್ಮಗಳು. ನಾನು ಈಗ ಹೇಳಹೊರಟಿರುವುದು ಲಂಡನ್ ನಗರದಲ್ಲಿ, ಥೇಮ್ಸ್ ನದಿಯ ದಕ್ಷಿಣದ ದಡದಲ್ಲಿ ನಿಂತಿರುವ ಒಂದು ಕಟ್ಟಡದ ಸಂಗತಿ. ಅದು ಮೊದಲ ಜನ್ಮದಲ್ಲಿ ವಿದ್ಯುಚ್ಛಕ್ತಿಯನ್ನು ಹುಟ್ಟಿಸಿತು. ಎರಡನೆಯದರಲ್ಲಿ ಮಾಂಸವನ್ನು ತಣ್ಣಗೆ ಕಾದಿರಿಸಿತು. ಮೂರನೆಯದರಲ್ಲಿ ಮನುಷ್ಯರಿಗೆ ಮನೆಯಾಯಿತು. ಮೊದಲ ಎರಡು ಜನ್ಮಗಳಲ್ಲಿ ಆಶ್ಚರ್ಯವೇನೂ ಇಲ್ಲ. ಮೂರನೆಯದು ಹೇಗೆ ಒದಗಿತು, ಯಾರಿಗೆ ಮನೆಯಾಯಿತು ಎಂಬುದೇ ವಿಚಾರಕ್ಕೆ ಅರ್ಹವಾದ ಸಂಗತಿ.

೨೦೨೩ನೆಯ ಇಸವಿಯ ವಸಂತಕಾಲದಲ್ಲಿ ನಾನು ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆನು. ಅವಳೂ ಅಳಿಯನೂ ಆಗ ಕೆನ್ನಿಂಗ್‌ಟನ್ ಎಂಬ ಭಾಗದಲ್ಲಿ ಬಾಡಿಗೆಯ ಮನೆಯಲ್ಲಿದ್ದರು. ಅವರಿಬ್ಬರೂ ಕೆಲಸಕ್ಕೆ ಹೊರಟುಹೋದ ಮೇಲೆ ಮೊಮ್ಮಗಳನ್ನು ಶಾಲೆಗೆ ಮುಟ್ಟಿಸಿದೆನೆಂದರೆ, ಮಧ್ಯಾಹ್ನ ಮೂರು ಗಂಟೆಯ ತನಕ ನನಗೆ ನನ್ನ ಕಾಲುಗಳೇ ಒಡನಾಡಿಗಳು. ಕನ್ನಡಿಗನಾದವನು ಆ ನಗರಕ್ಕೆ ಹೋದರೆ ಮೊದಲು ನೋಡಬಯಸುವುದು ಬಸವೇಶ್ವರರ ಪ್ರತಿಮೆಯನ್ನು. ೨೦೧೫ರ ನವೆಂಬರ್ ೧೪ರಂದು ಭಾರತದ ಪ್ರಧಾನಮಂತ್ರಿಗಳಿಂದ ಅನಾವರಣಗೊಂಡ ಆ ಪ್ರತಿಮೆಯು ಲ್ಯಾಂಬೆತ್ ವಿಭಾಗದ ಆಲ್ಬರ್ಟ್ ದಂಡೆಯ ಮೇಲೆ, ಹೊಳೆಗೆ ಹತ್ತಿರದಲ್ಲಿಯೇ ಇದೆ. ಅಲ್ಲಿಂದ ನೀರು ಹರಿಯುವ ದಿಕ್ಕಿಗೆ, ಹೊಳೆಯನ್ನು ಎಡಗಡೆಗೆ ಇಟ್ಟುಕೊಂಡು ನಡೆದರೆ ಒಂದು ಗಂಟೆಯೊಳಗೆ ನಾನು ಹೇಳುತ್ತಿರುವ ಕಟ್ಟಡ ಸಿಕ್ಕುತ್ತದೆ. ದಾರಿಯಲ್ಲಿ ಆರ್ಚ್‌ಬಿಷಪ್ಪರ ಅರಮನೆ, ಸೇಂಟ್ ಥಾಮಸ್ ಆಸ್ಪತ್ರೆ, ಎದುರು ದಡದಲ್ಲಿ ಪಾರ್ಲಿಮೆಂಟು, ಈಚೆ ದಡದಲ್ಲಿ ಹಿಂದೆ ನಗರಸಭೆಯಿದ್ದ ಕೌಂಟಿ ಹಾಲ್, ಮುಂದೆ ೧೯೫೧ರ ಉತ್ಸವಕ್ಕಾಗಿ ಕಟ್ಟಿದ ಸಂಗೀತಮಂದಿರ, ಆಮೇಲೆ ನಾಟಕಶಾಲೆ. ನೇತ್ರಾವತಿಯ ಅಳಿವೆಯ ಬಳಿಯಲ್ಲಿ ಬೆಳೆದ ನನಗೆ ದಿನಕ್ಕೆರಡು ಸಲ ಏರಿ ಇಳಿಯುವ ಹೊಳೆ ಹೊಸದಲ್ಲ. ಆದುದರಿಂದ ಇಳಿತದ ವೇಳೆ ದಡದ ಕೆಸರಿನಲ್ಲಿ ಕಾಣುವ ಹಳೆಯ ಮರದ ಕಂಬಗಳನ್ನು ಕಂಡಾಗ, ಇದು ದೋಣಿಗಳು ಬಂದು ನಿಲ್ಲುತ್ತಿದ್ದ ಧಕ್ಕೆಯಾಗಿರಬೇಕೆಂದು ಯಾರೂ ಹೇಳದೆಯೇ ತಿಳಿಯಿತು.

ನಾಟಕಶಾಲೆಯನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಇಟ್ಟಿಗೆಯ ಒಂದು ದೊಡ್ಡ ಕಟ್ಟಡದ ನೆತ್ತಿಯಿಂದ ಒಂದು ಚೌಕಾಕಾರದ ಗೋಪುರ ಮೇಲೆದ್ದಿದೆ. ಅದರ ನಾಲ್ಕು ಮುಖಗಳಲ್ಲಿಯೂ ಮೂರು ಮೂರು ಕಿಟಕಿಗಳು, ಒಂದರ ಕೆಳಗೊಂದು. ಮೇಲಿನದು ವರ್ತುಲ, ನಡುವಿನದು ಕತ್ತರಿಯಂತೆ ಅಡ್ಡಹಾಯ್ದ ಎರಡು ಗೀಟು, ಕೆಳಗಿನದು ಮತ್ತೆ ವರ್ತುಲ. ಓದು ಬಲ್ಲವರು ಅದನ್ನು ಕಿಟಕಿಯೆಂದು ನೋಡುವುದಿಲ್ಲ, ‘ಆಕ್ಸೋ’ ಎಂದು ಓದುತ್ತಾರೆ.

ಈ ಹೆಸರಿನ ವೃತ್ತಾಂತವನ್ನು ನಮ್ಮ ಮನೆಗಳಲ್ಲಿ ಹೇಳುವುದು ಸ್ವಲ್ಪ ಕಷ್ಟ. ಆದರೂ ಚರಿತ್ರೆಯಲ್ಲಿ ಮಡಿಮೈಲಿಗೆ ನಡೆಯಲಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಸ್ಥಳದಲ್ಲಿ ಅಂಚೆಯ ಇಲಾಖೆಗೆ ವಿದ್ಯುಚ್ಛಕ್ತಿಯನ್ನು ಒದಗಿಸುವ ಒಂದು ಯಂತ್ರಾಲಯವನ್ನು ಕಟ್ಟಿದ್ದರು. ೧೯೨೦ರ ದಶಕದಲ್ಲಿ ಅದನ್ನು ಕೊಂಡವರು ಲೀಬಿಗ್ ಮಾಂಸಸಾರದ ಕಂಪೆನಿಯವರು. ರಸಾಯನಶಾಸ್ತ್ರವನ್ನು ಓದಿದವರಿಗೆ ಲೀಬಿಗ್ ಎಂಬ ಹೆಸರು ಕೇಳಿದೊಡನೆ ಪ್ರಯೋಗಶಾಲೆಯ ಗಾಜಿನ ಕಂಡೆನ್ಸರು ನೆನಪಾಗುವುದು. ಅದೇ ಲೀಬಿಗ್, ಹೊಲಕ್ಕೆ ಹಾಕುವ ಗೊಬ್ಬರದ ರಸಾಯನವನ್ನು ಲೋಕಕ್ಕೆ ತಿಳಿಸಿದ ಜರ್ಮನ್ ಪಂಡಿತ. ಮಾಂಸವನ್ನು ಕುದಿಸಿ ಬತ್ತಿಸಿ ಸಾರವನ್ನು ತೆಗೆದಿಟ್ಟರೆ ಬಡವರಿಗೂ ರೋಗಿಗಳಿಗೂ ಅಗ್ಗದ ಪುಷ್ಟಿಯಾಗುವುದೆಂದು ಆತನು ೧೮೪೦ರ ದಶಕದಲ್ಲಿ ಸೂಚಿಸಿದನು. ಒಂದು ಸೇರು ಸಾರಕ್ಕೆ ಮೂವತ್ತು ಸೇರು ಮಾಂಸ ಬೇಕಾಗುತ್ತಿದ್ದುದರಿಂದ ಯೂರೋಪಿನಲ್ಲಿ ಅದು ಅಗ್ಗವಾಗಲಿಲ್ಲ. ದಕ್ಷಿಣ ಅಮೆರಿಕದ ಉರುಗ್ವೇ ದೇಶದಲ್ಲಿ ಹಸುಗಳನ್ನು ತೊಗಲಿಗಾಗಿ ಕೊಂದು ಮಾಂಸವನ್ನು ಚೆಲ್ಲಿಬಿಡುತ್ತಿದ್ದರೆಂಬ ಸುದ್ದಿ ಬಂದ ಮೇಲೆ, ಗೀಬರ್ಟ್ ಎಂಬ ಇಂಜಿನಿಯರನು ಅಲ್ಲಿನ ಫ್ರೇ ಬೆಂತೋಸ್ ಎಂಬ ಊರಿನಲ್ಲಿ, ಅದೂ ಒಂದು ಹೊಳೆಯ ದಡದಲ್ಲಿಯೇ, ಕಾರ್ಖಾನೆಯನ್ನು ಹೂಡಿದನು. ಲಂಡನ್ನಿನ ಕಂಪೆನಿ ಸ್ಥಾಪಿತವಾದುದು ೧೮೬೫ರಲ್ಲಿ. ಮುಂದೆ ಸಾರವನ್ನು ‘ಆಕ್ಸೋ’ ಎಂಬ ಹೆಸರಿನಿಂದ ಮಾರಿದರು. ೧೯೧೦ರಿಂದ ಅದು ಸಣ್ಣ ಸಣ್ಣ ಘನಾಕೃತಿಯ ತುಂಡುಗಳಾಗಿ ಪೊಟ್ಟಣದಲ್ಲಿ ಬರತೊಡಗಿತು. ಇಂಗ್ಲಿಷಿನವರ ಅಡಿಗೆಮನೆಯಲ್ಲಿ ಅದಕ್ಕಿರುವ ಸ್ಥಾನ ನಮ್ಮಲ್ಲಿ ಸಾರಿನ ಪುಡಿಗಿರುವಂಥದು ಎಂದು ಅಳಿಯನು ವಿವರಿಸಿದನು. ಆ ಹೋಲಿಕೆ ನನಗೆ ರುಚಿಸಲಿಲ್ಲವಾದರೂ ಅರ್ಥವಾಯಿತು.

ಕಂಪೆನಿಯವರಿಗೆ ಬೇಕಾದುದು ಶೀತಲವಾದ ಒಂದು ಉಗ್ರಾಣ. ೧೯೨೮–೨೯ರಲ್ಲಿ ಆಲ್ಬರ್ಟ್ ಮೂರ್ ಎಂಬ ಶಿಲ್ಪಿಯು ಹಳೆಯ ಯಂತ್ರಾಲಯದ ಬಹುಭಾಗವನ್ನು ಕೆಡವಿ, ಹೊಳೆಯ ಕಡೆಯ ಮುಖವನ್ನು ಉಳಿಸಿ ಬೆಳೆಸಿ, ಅಂದಿನ ಹೊಸ ರೀತಿಯಲ್ಲಿ ಈ ಕಟ್ಟಡವನ್ನು ಎಬ್ಬಿಸಿದನು. ಗೋಪುರದ ಮೇಲೆ ದೀಪಗಳಿಂದ ಬೆಳಗುವ ಹೆಸರಿನ ಹಲಗೆಯನ್ನು ಹಾಕಬೇಕೆಂಬುದು ಒಡೆಯರ ಅಪೇಕ್ಷೆ. ನದಿಯ ದಡದಲ್ಲಿ ಆಕಾಶಕ್ಕೆ ಜಾಹೀರಾತು ಅಂಟಿಸಕೂಡದೆಂದು ಅಧಿಕಾರಿಗಳು ನಿಷೇಧಿಸಿದರು. ಆಗ ಮೂರನು ವಿನಯದಿಂದ ಒಪ್ಪಿಕೊಂಡು, ಗೋಪುರಕ್ಕೆ ಬೆಳಕು ಬೇಕಷ್ಟೆ ಎಂದು ಕಿಟಕಿಗಳನ್ನಿಟ್ಟನು. ಕಿಟಕಿಗಳು ದುಂಡಗಿರಬಾರದೆಂದಾಗಲಿ, ಕತ್ತರಿಯಾಕಾರದಲ್ಲಿರಬಾರದೆಂದಾಗಲಿ ಯಾವ ಕಾಯಿದೆಯಲ್ಲಿಯೂ ಬರೆದಿರಲಿಲ್ಲ! ನಮ್ಮ ತೆನಾಲಿ ರಾಮಕೃಷ್ಣನು ಇದನ್ನು ಕೇಳಿದ್ದರೆ ಆ ಶಿಲ್ಪಿಯನ್ನು ತನ್ನ ಪಕ್ಕದಲ್ಲಿಯೇ ಕುಳ್ಳಿರಿಸಿಕೊಳ್ಳುತ್ತಿದ್ದನು. ಚಮತ್ಕಾರವು ಸರಕಿಗಿಂತ ದೀರ್ಘಾಯುಷ್ಯವುಳ್ಳದ್ದಾಯಿತು. ಉಗ್ರಾಣ ಹೋಯಿತು, ಫ್ರೇ ಬೆಂತೋಸಿನ ಕಾರ್ಖಾನೆ ೧೯೭೯ರಲ್ಲಿ ಮುಚ್ಚಿ ೨೦೧೫ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ಕಿಟಕಿಗಳು ಮಾತ್ರ ತಮ್ಮ ಮೂರಕ್ಷರವನ್ನು ಹೇಳುತ್ತಲೇ ಇವೆ.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಹೊಳೆಯ ದಡಕ್ಕೆ ಬಿದ್ದ ಬಾಂಬುಗಳಿಗೆ ಲೆಕ್ಕವಿಲ್ಲ. ಆದರೆ ಅಲ್ಲಿನ ಧಕ್ಕೆಗಳನ್ನು ಕೊಂದುದು ಬಾಂಬಿಗಿಂತ ಹೆಚ್ಚಾಗಿ ಕಬ್ಬಿಣದ ಒಂದು ಪೆಟ್ಟಿಗೆ. ಸರಕನ್ನು ಮೂಟೆಮೂಟೆಯಾಗಿ ಇಳಿಸುವ ಬದಲು ದೊಡ್ಡ ಪೆಟ್ಟಿಗೆಗಳಲ್ಲಿ ತುಂಬಿ ಹಡಗಿಗೆ ಏರಿಸುವ ಪದ್ಧತಿ ಬಂದಾಗ, ಆ ಹಡಗುಗಳಿಗೆ ನಗರದ ನಡುವಿನ ಹೊಳೆ ಕಿರಿದಾಯಿತು. ವ್ಯಾಪಾರವೆಲ್ಲ ಸಮುದ್ರಕ್ಕೆ ಹತ್ತಿರವಾದ ಟಿಲ್ಬರಿಗೆ ಇಳಿದುಹೋಯಿತು. ಕೂಲಿಯವರೂ ಅವರ ಮನೆಯವರೂ ಕೆಲಸದ ಹಿಂದೆಯೇ ನಡೆದರು. ಈ ಶತಮಾನದ ಹಿಂದಿನ ಶತಮಾನ ಆರಂಭವಾದಾಗ ಆ ಸುತ್ತುಮುತ್ತಿನಲ್ಲಿ ಐವತ್ತು ಸಾವಿರ ಜನ ವಾಸಮಾಡುತ್ತಿದ್ದರು. ೧೯೭೦ರ ದಶಕದ ಮೊದಲಲ್ಲಿ ಉಳಿದವರು ನಾಲ್ಕು ಸಾವಿರ. ಜನ ಕಡಿಮೆಯಾದಂತೆ ಶಾಲೆ ಮುಚ್ಚಿತು, ಶಾಲೆ ಮುಚ್ಚಿದಂತೆ ಅಂಗಡಿ ಮುಚ್ಚಿತು, ಅಂಗಡಿ ಮುಚ್ಚಿದಂತೆ ಇನ್ನಷ್ಟು ಜನ ಹೊರಟರು. ಆಕ್ಸೋ ಕಟ್ಟಡವೂ ಬಹುಮಟ್ಟಿಗೆ ಬರಿದಾಗಿ ಬಿದ್ದಿತು. ಅದನ್ನು ಕೆಡವಬೇಕೆಂಬ ಸೂಚನೆಗಳು ಒಂದಾದ ಮೇಲೊಂದು ಬಂದುವು.

ಆ ಪ್ರದೇಶಕ್ಕೆ ಕಾಯಿನ್ ಸ್ಟ್ರೀಟ್ ಎಂದು ಹೆಸರು; ಒಟ್ಟು ೧೩ ಎಕರೆ. ಅಲ್ಲಿ ಯೂರೋಪಿನಲ್ಲಿಯೇ ಅತ್ಯುನ್ನತವಾದ ಒಂದು ಹೋಟೆಲನ್ನೂ ಹತ್ತು ಲಕ್ಷ ಚದರಡಿಗೂ ಮಿಕ್ಕಿದ ಕಚೇರಿಗಳನ್ನೂ ಎಬ್ಬಿಸಬೇಕೆಂದು ಧನಿಕರು ಯೋಚಿಸಿದರು. ಉಳಿದಿದ್ದ ನಾಲ್ಕು ಸಾವಿರ ಜನರಲ್ಲಿ ಕೆಲವರು ೧೯೭೭ರಲ್ಲಿ ಕೂಡಿಕೊಂಡು, ನಮಗೆ ಕಚೇರಿ ಬೇಡ, ಮನೆ ಬೇಕು, ಮಕ್ಕಳಿಗೆ ಆಡಲು ಬಯಲು ಬೇಕು, ಹೊಳೆಯ ದಡದಲ್ಲಿ ಎಲ್ಲರಿಗೂ ನಡೆದಾಡಲು ಹಾದಿ ಬೇಕು ಎಂದು ತಾವೇ ಒಂದು ಯೋಜನೆಯನ್ನು ಬರೆದರು. ಬರಿಯ ‘ಬೇಡ’ ಎನ್ನುವುದು ಸುಲಭ. ನಕ್ಷೆ ಹಾಕಿ, ಲೆಕ್ಕ ಕಟ್ಟಿ, ‘ಇದು ಬೇಕು’ ಎಂದು ಸರಕಾರದ ಮುಂದೆ ನಿಲ್ಲುವುದಕ್ಕೆ ಬೇರೊಂದು ಬಗೆಯ ಧೈರ್ಯ ಬೇಕಾಗುತ್ತದೆ.

ವ್ಯಾಜ್ಯ ಏಳು ವರ್ಷ ನಡೆಯಿತು. ಎರಡು ಸಲ ಸಾರ್ವಜನಿಕ ವಿಚಾರಣೆಯಾಯಿತು. ಮೊದಲನೆಯದರ ಕೊನೆಯಲ್ಲಿ ಮಂತ್ರಿ ಮೈಕೆಲ್ ಹೆಸೆಲ್ಟೈನರು ಉಭಯ ಪಕ್ಷದ ಯೋಜನೆಗಳನ್ನೂ ತಳ್ಳಿಬಿಟ್ಟರು. ಧನಿಕರ ಪರವಾಗಿ ರಿಚರ್ಡ್ ರಾಜರ್ಸ್ ಎಂಬ ಪ್ರಸಿದ್ಧ ಶಿಲ್ಪಿಯು ಹೊಸ ನಕ್ಷೆಯನ್ನು ಮಾಡಿದನು; ಹೊಳೆಯ ಉದ್ದಕ್ಕೆ ಗೋಡೆಯಂತೆ ಸಾಲಾಗಿ ನಿಲ್ಲುವ ಕಚೇರಿಗಳ ಆ ನಕ್ಷೆಯನ್ನು ಸ್ಥಳೀಯರು ‘ಬರ್ಲಿನ್ ಗೋಡೆ’ ಎಂದು ಹಾಸ್ಯಮಾಡಿದರು. ಎರಡನೆಯ ವಿಚಾರಣೆಯ ಕೊನೆಯಲ್ಲಿ ಅದೇ ಮಂತ್ರಿಗಳು ಉಭಯರಿಗೂ ಅನುಮತಿಯನ್ನು ಕೊಟ್ಟರು. ಒಂದೇ ನೆಲದ ಮೇಲೆ ಎರಡು ಊರುಗಳನ್ನು ಕಟ್ಟಬಹುದೆಂಬ ಆಜ್ಞೆಯನ್ನು ಹೊರಡಿಸಿದ ಸರಕಾರ ಪುರಾಣದಲ್ಲಿಯೂ ಸಿಕ್ಕಲಾರದು. ಆದರೆ ನೆಲದ ಒಂದು ಭಾಗ ನಗರಸಭೆಯ ಕೈಯಲ್ಲಿತ್ತು. ೧೯೮೧ರ ಚುನಾವಣೆಯಲ್ಲಿ ಅಲ್ಲಿ ಲೇಬರ್ ಪಕ್ಷ ಗೆದ್ದು ಸ್ಥಳೀಯರ ಪಕ್ಷವನ್ನು ಹಿಡಿಯಿತು. ಇಕ್ಕಟ್ಟಿಗೆ ಸಿಕ್ಕಿದ ಕಂಪೆನಿಯವರು ೧೯೮೪ರಲ್ಲಿ ತಮ್ಮ ಭಾಗವನ್ನು ನಗರಸಭೆಗೆ ಮಾರಿದರು. ನಗರಸಭೆಯು ಇಡಿಯ ೧೩ ಎಕರೆಯನ್ನು ಸ್ಥಳೀಯರು ಕಟ್ಟಿಕೊಂಡ ಒಂದು ಸಂಸ್ಥೆಗೆ ಹತ್ತು ಲಕ್ಷ ಪೌಂಡಿಗೆ ಕೊಟ್ಟಿತು.

ಹತ್ತು ಲಕ್ಷ ಪೌಂಡೆಂದರೆ ಲಂಡನ್ನಿನ ಹೊಳೆಯ ದಡಕ್ಕೆ ಪುಕ್ಕಟೆಯ ಬೆಲೆ ಎಂದು ಆಗ ಗೊಣಗಿದವರು ಇದ್ದರು. ಅವರ ಮಾತು ಪೂರ್ಣವಾಗಿ ಸುಳ್ಳಲ್ಲ. ಪೂರ್ಣವಾಗಿ ನಿಜವೂ ಅಲ್ಲ. ಕ್ರಯಪತ್ರದಲ್ಲಿಯೇ ಈ ನೆಲದಲ್ಲಿ ಇಂಥದನ್ನಲ್ಲದೆ ಬೇರೆ ಕಟ್ಟಕೂಡದೆಂಬ ನಿರ್ಬಂಧಗಳನ್ನು ಬರೆದಿದ್ದರು. ಕಚೇರಿ ಕಟ್ಟಲಾಗದ ನೆಲಕ್ಕೆ ಕಚೇರಿಯ ನೆಲದ ಬೆಲೆ ಎಲ್ಲಿಂದ ಬರಬೇಕು? ನಮ್ಮಲ್ಲಿಯೂ ದೇವರ ಗದ್ದೆಯನ್ನು ಯಾರೂ ಪೇಟೆಯ ಧಾರಣೆಯಲ್ಲಿ ಅಳೆಯುತ್ತಿರಲಿಲ್ಲ. ಮಾರಾಟ ಮುಗಿದು ಎರಡು ವರ್ಷದೊಳಗೆ, ೧೯೮೬ರಲ್ಲಿ, ಆ ನಗರಸಭೆಯನ್ನೇ ಸರಕಾರ ರದ್ದುಮಾಡಿತು. ಅದರ ಭವ್ಯವಾದ ಕೌಂಟಿ ಹಾಲಿನಲ್ಲಿ ಆಮೇಲೆ ಹೋಟೆಲೂ ಮೀನುಗಳ ಪ್ರದರ್ಶನವೂ ಬಂದುವು. ಕಾಗದಕ್ಕೆ ಸಹಿ ಬೀಳುವುದು ಎರಡು ವರ್ಷ ತಡವಾಗಿದ್ದರೆ ಆಕ್ಸೋ ಗೋಪುರದ ಗತಿ ಏನಾಗುತ್ತಿತ್ತೋ!

ಹೊಸ ಒಡೆಯರಲ್ಲಿ ಹಣವಿರಲಿಲ್ಲ. ಬರಿದಾದ ಜಾಗಗಳಲ್ಲಿ ಮೋಟಾರು ನಿಲ್ಲಿಸಲು ಬಿಟ್ಟು ಅದರ ಬಾಡಿಗೆಯನ್ನು ಕೂಡಿಸಿದರು, ಸಾಲ ತಂದರು, ಹಾಳುಬಿದ್ದುದನ್ನು ತೆಗೆದು ಹೊಳೆಯ ದಡದ ಹಾದಿಯನ್ನು ಪೂರ್ತಿಮಾಡಿದರು, ಒಂದು ಉದ್ಯಾನವನ್ನು ಬೆಳೆಸಿದರು. ೧೯೮೮ರಲ್ಲಿ ಮೊದಲ ೫೬ ಮನೆಗಳು ಮುಗಿದುವು. ೧೯೯೪ರಲ್ಲಿ ಇನ್ನೂ ೨೭. ಬಳಿಕ ಆಕ್ಸೋ ಕಟ್ಟಡದ ಸರದಿ. ಲಿಫ್‌ಶಟ್ಜ್ ಡೇವಿಡ್‌ಸನ್ ಎಂಬ ಶಿಲ್ಪಿಸಂಸ್ಥೆಯವರು ನಕ್ಷೆಯನ್ನು ಮಾಡಿದರು. ೧೯೯೬ರಲ್ಲಿ ಕಟ್ಟಡ ಮರಳಿ ತೆರೆಯಿತು. ಮರುವರ್ಷ ಬ್ರಿಟಿಷ್ ಶಿಲ್ಪಿಗಳ ರಾಜಮನ್ನಣೆಯ ಸಂಘ ಅದಕ್ಕೆ ಪುರಸ್ಕಾರವನ್ನು ಕೊಟ್ಟಿತು. ಕೆಳಗಿನ ಅಂತಸ್ತುಗಳಲ್ಲಿ ಕುಶಲಕರ್ಮಿಗಳ ಅಂಗಡಿಗಳು, ಪ್ರದರ್ಶನದ ಸ್ಥಳ; ಎಲ್ಲಕ್ಕೂ ಮೇಲೆ, ಎಂಟನೆಯ ಮಹಡಿಯಲ್ಲಿ, ದೊಡ್ಡ ಮನುಷ್ಯರು ಬಂದು ಉಣ್ಣುವ ಭೋಜನಶಾಲೆ. ಅದರ ಬಾಡಿಗೆ ಕೆಳಗಿನವರಿಗೆ ಅನುಕೂಲವಾಗಲೆಂದು ಹೂಡಿದ ಹಂಚಿಕೆ. ಆದರೆ ಅದೇ ಮಹಡಿಯಲ್ಲಿ, ಊಟದ ಹಣ ತೆರಲಾರದವನೂ ಹತ್ತಿ ನಿಂತು ಹೊಳೆಯನ್ನು ನೋಡಲೆಂದು ಒಂದು ಮೊಗಸಾಲೆಯನ್ನೂ ಬಿಟ್ಟರು. ಇವೆರಡರ ನಡುವಣ ಐದು ಅಂತಸ್ತುಗಳಲ್ಲಿ ೭೮ ಮನೆಗಳು.

ಶೀತಲ ಉಗ್ರಾಣವನ್ನು ಮನೆ ಮಾಡುವುದೆಂದರೆ ಅದರ ಧರ್ಮವನ್ನೇ ತಿರುಗಿಸುವುದು. ಉಗ್ರಾಣವು ಬಿಸಿಲೂ ಬೆಳಕೂ ಒಳಗೆ ಬಾರದಂತೆ ಗೋಡೆಯನ್ನು ಎತ್ತಿಕೊಂಡಿರುತ್ತದೆ; ಮನೆಗೆ ಅವೆರಡೇ ಪ್ರಾಣ. ನಾನು ಹೋದ ದಿನ ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಉಗ್ರಾಣದ ಮೈಯಾಗಿದ್ದ ಇಟ್ಟಿಗೆಯ ಮೇಲೆ, ಒಂದು ಕಿಟಕಿಯ ಹೊರಗೆ ಯಾರೋ ಹೂವಿನ ಕುಂಡಗಳನ್ನು ಇಟ್ಟಿದ್ದರು; ಇನ್ನೊಂದರಲ್ಲಿ ಮಗುವಿನ ಅಂಗಿಗಳು ಒಣಗುತ್ತಿದ್ದುವು. ಮಾಂಸದ ಕಂಪೆನಿಯ ಗೋಪುರದ ನೆರಳಿನಲ್ಲಿ ಆ ಅಂಗಿಗಳನ್ನು ನೋಡಿ ನನಗೆ ಉಂಟಾದ ಸಂತೋಷವನ್ನು ಬಣ್ಣಿಸಿ ಹೇಳಲಾರೆ.

ಆ ಮನೆಗಳು ಯಾರವು? ಮೊಳಹಳ್ಳಿ ಶಿವರಾಯರ ಜಿಲ್ಲೆಯವರಾದ ನಮ್ಮ ವಾಚಕರಿಗೆ ಸಹಕಾರ ಸಂಘವೆಂದರೇನೆಂದು ವಿವರಿಸಬೇಕಾಗಿಲ್ಲ. ೭೮ ಮನೆಗಳೂ ಒಂದು ಸಹಕಾರ ಸಂಘದವು. ಬಾಡಿಗೆಗೆ ಇರುವವರೇ ಅದರ ಸದಸ್ಯರು. ಅವರೇ ಒಡೆಯರು, ಅವರೇ ಒಕ್ಕಲು. ಮನೆ ದೊರೆಯುವುದು ಅಗತ್ಯವನ್ನು ನೋಡಿ, ಚೀಲದ ಭಾರವನ್ನು ನೋಡಿಯಲ್ಲ. ಇನ್ನೊಂದು ಸೂಕ್ಷ್ಮವಿದೆ. ೧೯೮೦ರ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ ಪುರಸಭೆಯ ಮನೆಗಳಲ್ಲಿ ಬಹುಕಾಲ ಬಾಡಿಗೆಗಿದ್ದವರು ಅವನ್ನು ಕಡಿಮೆ ಬೆಲೆಗೆ ಸ್ವಂತಕ್ಕೆ ಕೊಳ್ಳಬಹುದಾಯಿತು. ಕೊಂಡವರಿಗೆ ಅದು ಭಾಗ್ಯವೇ ಸರಿ. ಆದರೆ ಕೊಂಡ ಮನೆ ಮುಂದೆ ಪೇಟೆಗೆ ಬಂದು, ಬಡವರಿಗಾಗಿ ಇದ್ದ ಮನೆಗಳ ಸಂಖ್ಯೆ ಸವೆಯುತ್ತ ಹೋಯಿತು. ಈ ಸಹಕಾರ ಸಂಘದಲ್ಲಿ ಒಬ್ಬೊಬ್ಬನು ತನ್ನ ಮನೆಯನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಇರುವಷ್ಟು ದಿನ ಮನೆ ನಿನ್ನದು. ಹೋದ ದಿನ ಅದು ಮುಂದಿನವನದು. ನಮ್ಮ ಹಿಂದಿನ ಕೂಡುಕುಟುಂಬದ ಮನೆಗಳೂ, ಅವುಗಳಲ್ಲಿ ನಡೆಯುತ್ತಿದ್ದ ಜಗಳಗಳನ್ನು ಬಿಟ್ಟರೆ, ಹೆಚ್ಚುಕಡಿಮೆ ಇದೇ ನ್ಯಾಯದ ಮೇಲೆ ನಿಂತಿದ್ದುವು.

ಇಲ್ಲಿ ನನ್ನ ಸ್ವಂತ ಮಾತನ್ನು ಸ್ವಲ್ಪ ಸೇರಿಸುತ್ತೇನೆ. ಲೀಬಿಗ್ ಕಂಪೆನಿ ಹುಟ್ಟಿದ ೧೮೬೫ರಲ್ಲಿಯೇ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡಕ್ಕೆ ಸಮೀಪದಲ್ಲಿ, ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಮೊದಲ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದನ್ನು ನೋಡಿ ಹೊಳೆಯ ದಡದ ಉದ್ದಕ್ಕೂ ಬೇರೆ ಬೇರೆಯವರ ಕಾರ್ಖಾನೆಗಳು ಎದ್ದುವು. ಅಂಥ ಒಂದರಲ್ಲಿ ನನ್ನ ತಂದೆಯವರು ಇಪ್ಪತ್ತೆಂಟು ವರ್ಷ ಗುಮಾಸ್ತರಾಗಿದ್ದರು. ಆವೆಮಣ್ಣು ದೋಣಿಯಲ್ಲಿ ಬಂದು ಇಳಿಯುವುದು, ಹಸಿಹಂಚುಗಳನ್ನು ಹೆಂಗಸರು ಸಾಲಾಗಿ ನೆರಳಿಗೆ ಹೊರುವುದು, ಸುಟ್ಟ ಹಂಚುಗಳು ಮಂಜಿಗಳಿಗೆ ಏರಿ ಕಡಲಿನ ಹಾದಿ ಹಿಡಿಯುವುದು — ಬೇಸಗೆಯ ರಜೆಯಲ್ಲಿ ಇದೇ ನಮಗೆ ಆಟದ ಬಯಲು. ಕಾಂಕ್ರೀಟಿನ ಮಾಳಿಗೆ ಬಂದ ಮೇಲೆ ಹಂಚಿಗೆ ಗಿರಾಕಿ ಕಡಿಮೆಯಾದನು. ಮಣ್ಣೂ ಸೌದೆಯೂ ತುಟ್ಟಿಯಾದುವು. ಆ ಕಾರ್ಖಾನೆ ಮುಚ್ಚಿತು. ನೆಲವನ್ನು ಕೊಂಡವರು ಭಟ್ಟಿಯನ್ನೂ ಒಣಗಿಸುವ ಉದ್ದನೆಯ ಮಾಡನ್ನೂ ಒಂದು ಮಳೆಗಾಲ ಕಳೆಯುವುದರೊಳಗೆ ಕೆಡವಿ, ಹದಿನೈದು ಮಹಡಿಯ ವಸತಿಗೃಹವನ್ನು ಎಬ್ಬಿಸಿದರು. ಕೆಲಸಗಾರರ ಲೈನುಮನೆಗಳಲ್ಲಿದ್ದವರಿಗೆ ಮೂರು ತಿಂಗಳ ವಾಯಿದೆ ಕೊಟ್ಟರು. ನಮ್ಮದೂ ಅದೇ ಸಾಲಿನ ಕೊನೆಯ ಮನೆ. ತಂದೆಯವರು ಆಗ ನಿವೃತ್ತರಾಗಿ ಕಾಯಿಲೆಯಲ್ಲಿದ್ದರು. ಸಾಮಾನನ್ನು ಗಾಡಿಗೆ ಏರಿಸಿದ ಮೇಲೆ ಒಳಗೆ ಹೋಗಿ, ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಪಂಚಾಂಗವನ್ನು ತೆಗೆದುಕೊಂಡು ಬಂದರು. ಮಾತೇನೂ ಆಡಲಿಲ್ಲ. ಆ ವಸತಿಗೃಹದ ಜಾಹೀರಾತಿನಲ್ಲಿ ‘ಹೊಳೆಯ ನೋಟ’ವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿದ್ದರು.

ಆದುದರಿಂದ ಹೊಳೆಯ ದಡದ ಹಳೆಯ ಕಾರ್ಖಾನೆ ಮನೆಯಾಗುವುದೆಂದರೆ ನನಗೆ ಬರಿಯ ಶಿಲ್ಪದ ಮಾತಲ್ಲ. ಥೇಮ್ಸಿನ ದಡದಲ್ಲಿಯೇ ಅದು ಬೇರೆ ರೀತಿಯಲ್ಲಿ ನಡೆದ ಉದಾಹರಣೆಗಳೂ ಇವೆ. ಬಸವೇಶ್ವರರ ಪ್ರತಿಮೆಯಿಂದ ನೀರಿಗೆ ಎದುರಾಗಿ, ಮೇಲ್ದಿಕ್ಕಿಗೆ ನಡೆದರೆ ಬ್ಯಾಟರ್ಸೀ ವಿದ್ಯುದಾಗಾರ ಸಿಕ್ಕುವುದು. ನಾಲ್ಕು ಬಿಳಿಯ ಹೊಗೆಗೊಳವೆಗಳ ಆ ಮಹಾಕಾಯವನ್ನು ಚಿತ್ರದಲ್ಲಿ ನೋಡದವರಿಲ್ಲ. ೧೯೮೩ರಲ್ಲಿ ಅದು ಕೆಲಸ ನಿಲ್ಲಿಸಿತು. ಬಹುಕಾಲ ಮಾಡಿಲ್ಲದೆ ಮಳೆಯಲ್ಲಿ ನೆನೆಯಿತು. ೨೦೧೨ರಲ್ಲಿ ಮಲೇಶಿಯದ ಬಂಡವಾಳಗಾರರು ಕೊಂಡರು. ೨೦೨೨ರ ಅಕ್ಟೋಬರಿನಲ್ಲಿ ಅಂಗಡಿ, ಕಚೇರಿ, ವೈಭವದ ಮನೆಗಳೊಡನೆ ತೆರೆಯಿತು. ಇಟ್ಟಿಗೆಯನ್ನು ಸರಿಪಡಿಸಿದ ಅಂದವನ್ನು ಮೆಚ್ಚಲೇಬೇಕು. ಆದರೆ ಸಾಮಾನ್ಯರಿಗೆ ನಿಲುಕುವ ಬೆಲೆಯ ಮನೆಗಳು ಈ ಯೋಜನೆಯಲ್ಲಿ ೬೩೬ ಇರಬೇಕೆಂದಿದ್ದುದನ್ನು, ಖರ್ಚು ಹೆಚ್ಚಿತೆಂಬ ಕಾರಣದಿಂದ, ೨೦೧೭ರಲ್ಲಿ ೩೮೬ಕ್ಕೆ ಇಳಿಸಿಕೊಂಡರು. ಆಕ್ಸೋದಿಂದ ಕೆಳದಿಕ್ಕಿಗೆ ಹೋದರೆ ಬ್ಯಾಂಕ್‌ಸೈಡ್ ವಿದ್ಯುದಾಗಾರ. ಅದು ೨೦೦೦ರಲ್ಲಿ ಚಿತ್ರಶಾಲೆಯಾಯಿತು. ಅದರ ಪಕ್ಕದಲ್ಲಿ ಗಾಜಿನ ಗೋಡೆಗಳ ಬೆಲೆಯುಳ್ಳ ಮನೆಗಳು ಎದ್ದುವು. ಚಿತ್ರಶಾಲೆಯ ಮಹಡಿಯಿಂದ ಜನರು ತಮ್ಮ ಮನೆಯೊಳಗೆ ಇಣಿಕುತ್ತಾರೆಂದು ಅಲ್ಲಿನವರು ವ್ಯಾಜ್ಯ ಹೂಡಿ ೨೦೨೩ರ ಫೆಬ್ರವರಿಯಲ್ಲಿ, ಐವರು ನ್ಯಾಯಾಧೀಶರಲ್ಲಿ ಮೂವರ ಬಹುಮತದಿಂದ, ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ನಾನು ಹೋದಾಗ ಈ ತೀರ್ಪಿನ ಮಾತು ಇನ್ನೂ ಬಿಸಿಯಾಗಿತ್ತು. ನ್ಯಾಯ ಅವರ ಕಡೆಗಿರಬಹುದು. ಮನೆಯೊಳಗಿನ ಬದುಕು ಬೀದಿಯವರ ನೋಟಕ್ಕಲ್ಲ. ಹೊಳೆಯನ್ನು ನೋಡಲು ಗಾಜಿನ ಗೋಡೆ, ಹೊಳೆಯನ್ನು ನೋಡಲು ಬಂದವರು ನಮ್ಮನ್ನು ನೋಡಬಾರದೆಂಬ ವ್ಯಾಜ್ಯ — ಇವೆರಡನ್ನೂ ಒಟ್ಟಿಗಿಟ್ಟು ನೋಡಿದಾಗ ಮಾತ್ರ ನಗು ಬಂತು.

ಆಕ್ಸೋದ ಕೆಲಸವನ್ನು ಅತಿಯಾಗಿ ಹೊಗಳಬಾರದು. ೨೦೦೧ರಲ್ಲಿ ಮುಗಿದ ೫೯ ಮನೆಗಳನ್ನು ಸೇರಿಸಿದರೂ, ಆ ೧೩ ಎಕರೆಯಲ್ಲಿ ಎದ್ದ ಸಹಕಾರದ ಮನೆಗಳು ೨೨೦. ಒಂದು ಕಾಲಕ್ಕೆ ಐವತ್ತು ಸಾವಿರ ಜನವಿದ್ದ ಪ್ರದೇಶಕ್ಕೆ ಇದು ಸಮುದ್ರಕ್ಕೆ ಸೌಟಿನ ನೀರು. ಮುಂದೆ ಅದೇ ಸಂಸ್ಥೆಯವರೇ, ಸಾರ್ವಜನಿಕರಿಗೆ ಈಜುಕೊಳ ಕಟ್ಟುವ ಹಣಕ್ಕಾಗಿ, ಹಣವುಳ್ಳವರಿಗೆ ಮಾರುವ ಮನೆಗಳ ೪೩ ಅಂತಸ್ತಿನ ಗೋಪುರಕ್ಕೆ ಅರ್ಜಿ ಹಾಕಿ ೨೦೦೮ರಲ್ಲಿ ಅನುಮತಿಯನ್ನು ಪಡೆದರು. ಎತ್ತರದ ಗೋಪುರವನ್ನು ವಿರೋಧಿಸಿ ಹುಟ್ಟಿದವರು ತಾವೇ ಗೋಪುರಕ್ಕೆ ಕೈಯೊಡ್ಡಿದರೆಂದು ಜರೆದವರುಂಟು. ಜರೆಯುವುದು ನನಗೆ ಸುಲಭವಾಗಿ ತೋರುವುದಿಲ್ಲ. ಸರಕಾರ ಕೈಬಿಟ್ಟ ಕೆಲಸವನ್ನು ಕೈಗೆತ್ತಿಕೊಂಡವರು ಮೇಲಿನ ಮಹಡಿಯಲ್ಲಿ ಭೋಜನಶಾಲೆಯನ್ನಿಡದೆ ಕೆಳಗೆ ಅಂಗಿ ಒಣಗಿಸುವ ಕಿಟಕಿಯನ್ನು ಹೇಗೆ ತೆರೆಯಬೇಕು?

ನಾನು ಅಲ್ಲಿದ್ದ ಮೂರನೆಯ ತಿಂಗಳಲ್ಲಿ ಮಗಳ ಮನೆಯ ಒಡೆಯರಿಂದ ಒಂದು ಕಾಗದ ಬಂದಿತು. ಬಾಡಿಗೆ ತಿಂಗಳಿಗೆ ೪೦೦ ಪೌಂಡು ಹೆಚ್ಚುವುದು. ಒಪ್ಪಿಗೆಯಿಲ್ಲದಿದ್ದರೆ ಎರಡು ತಿಂಗಳಲ್ಲಿ ಮನೆ ಬಿಡಬೇಕು. ಕಾರಣ ಹೇಳದೆಯೂ ಹಾಗೆ ಬಿಡಿಸಲು ಆಗಿನ ಕಾಯಿದೆಯಲ್ಲಿ ಅವಕಾಶವಿತ್ತು. ಮಗಳು ಕಾಗದವನ್ನು ಓದಿ ಮಡಿಸಿಟ್ಟಳು. ಆ ರಾತ್ರಿ ಊಟವಾದ ಮೇಲೆ ನಾನು ಆಕ್ಸೋ ಕಟ್ಟಡದ ಸಹಕಾರ ಸಂಘದ ಮಾತೆತ್ತಿ, ಒಂದು ಅರ್ಜಿ ಹಾಕಿ ನೋಡಬಾರದೇ ಎಂದು ಕೇಳಿದೆನು.

“ಅಪ್ಪಾ, ನಾವು ಕೆಲಸದ ವೀಸಾದಲ್ಲಿ ಬಂದವರು. ಅಂಥ ಮನೆಗಳಿಗೆ ನಮ್ಮ ಹೆಸರನ್ನು ಬರೆಯುವುದೂ ಇಲ್ಲ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಹಾಗೆ ನೋಡಿದರೆ ನಮಗಿಂತ ಕಷ್ಟದಲ್ಲಿರುವವರು ಆ ಪಟ್ಟಿಯಲ್ಲಿ ಎಷ್ಟೋ ವರ್ಷದಿಂದ ಕಾದಿದ್ದಾರೆ. ಅವರಿಗೇ ಸಿಕ್ಕಲಿ” ಎಂದೂ ಹೇಳಿದಳು. ಅಳಿಯನು ಪಾತ್ರೆ ತೊಳೆಯುತ್ತಿದ್ದವನು ತಿರುಗಿ ನೋಡದೆ, ಮೊಮ್ಮಗಳ ಶಾಲೆಯನ್ನು ಬದಲಿಸಬೇಕಾಗುವುದೊಂದೇ ತೊಂದರೆ ಎಂದನು. ಮೊಮ್ಮಗಳಿಗೆ ಆಗತಾನೆ ಒಬ್ಬ ಗೆಳತಿ ದೊರೆತಿದ್ದಳು.

ನಾನು ಊರಿಗೆ ಬಂದ ಮೇಲೆ ಅವರು ಮನೆ ಬದಲಿಸಿದರು. ಈಗ ಇರುವುದು ನಗರದ ಪೂರ್ವದ ಅಂಚಿನ ಬಾರ್ಕಿಂಗ್ ರಿವರ್‌ಸೈಡ್ ಎಂಬಲ್ಲಿ. ೨೦೨೨ರಲ್ಲಿ ಅಲ್ಲಿಗೊಂದು ರೈಲುನಿಲ್ದಾಣವಾದುದರಿಂದ ಕೆಲಸಕ್ಕೆ ಹೋಗಿಬರುವುದು ಸಾಧ್ಯವಾಗಿದೆ. ಥೇಮ್ಸ್ ಅಲ್ಲಿ ಬಹಳ ಅಗಲ, ಅಳಿವೆಯ ಹತ್ತಿರದ ನಮ್ಮ ಹೊಳೆಯನ್ನು ನೋಡಿದಂತಾಗುತ್ತದೆ ಎಂದು ಮಗಳು ಬರೆದಿದ್ದಳು. ಆ ನೆಲದಲ್ಲಿ ಮೊದಲು ಏನಿತ್ತೆಂದು ವಿಚಾರಿಸಿ ತಿಳಿಸೆಂದು ನಾನು ಕೇಳಿದ್ದೆನು. ಅಲ್ಲಿಯೂ ಒಂದು ವಿದ್ಯುದಾಗಾರವೇ ಇತ್ತಂತೆ. ೧೯೨೫ರಲ್ಲಿ ಆರಂಭವಾಗಿ ೧೯೮೧ರಲ್ಲಿ ಮುಚ್ಚಿತಂತೆ. ಅದರ ಗೋಡೆ ಯಾವುದಾದರೂ ಉಳಿದಿದೆಯೇ ಎಂದು ಮೊಮ್ಮಗಳು ಹೊಳೆಯ ದಡದ ತನಕ ಹೋಗಿ ಹುಡುಕಿದಳಂತೆ. ಅವಳಿಗೆ ಸಿಕ್ಕಿದುದು ಇಟ್ಟಿಗೆಯ ಒಂದು ಚೂರು. ಅದನ್ನು ತೊಳೆದು ಒರಸಿ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾಳೆ.